ದಪ್ಪ ಕನ್ನಡಕ ಹಾಕಿಕೊಂಡು ಸೋಲಾರ್ ಪ್ಲೇಟಿಗೆ ಬೆರಣಿ ತಟ್ಟಿದ್ದು

ಮಕ್ಕಳೇ, ಈ ಸಲ ರಜೆಗೆ ಬಂದಾಗ ನೀವು "ಅಜ್ಜಿ, ನೀನು ವಿಆರ್ ಗೇಮ್ ಆಡಿದ್ದು ನಿಜವಾ?" ಅಂತ ಕೇಳಿದಿರಿ. ನಾನು ನಕ್ಕು ಅಡುಗೆಮನೆಗೆ ಹೋಗಿಬಿಟ್ಟೆ. ನಿಜ ಹೇಳಬೇಕೆಂದರೆ ಆ ಕಥೆ ಹೇಳಲು ನನಗೆ ತುಂಬಾ ಆಸೆ. ಆದರೆ ನಾಲ್ಕು ಜನ ನನ್ನ ಮುಖ ನೋಡುತ್ತಾ ಕೂತರೆ ನನ್ನ ನಾಲಿಗೆ ಒಣಗುತ್ತದೆ, ನೀವು ಮೊಮ್ಮಕ್ಕಳಾದರೂ ಅಷ್ಟೆ. ಬರೆಯುವುದಾದರೆ ಪರವಾಗಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಅಕ್ಷರ ದುಂಡಗೆ ಬರುತ್ತವೆ. ಅದಕ್ಕೇ ಈ ಪುಸ್ತಕ ಹಿಡಿದಿದ್ದೇನೆ.

ನಮ್ಮ ಊರಿನ ಹಾಲಿನ ಡೈರಿ ನಿಮಗೆ ಗೊತ್ತು. ಹೆಂಗಸರದೇ ಸಂಘ, ಹೆಂಗಸರೇ ಕಾರ್ಯದರ್ಶಿ, ಹೆಂಗಸರೇ ಸದಸ್ಯರು. ಅದರ ತಾರಸಿ ಮೇಲೆ ಎಂಟು ಸೋಲಾರ್ ಪ್ಲೇಟುಗಳಿವೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಕರೆಂಟು ಹೋದರೆ ತೂಕದ ಮೆಷಿನ್ನು, ಹಾಲಿನ ಜಿಡ್ಡು ನೋಡುವ ಮೆಷಿನ್ನು ಎರಡೂ ನಿಲ್ಲಬಾರದು ಅಂತ ಅವನ್ನು ಹಾಕಿಸಿದ್ದು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಎರಡು ವರ್ಷದಿಂದ ಬೇಸಿಗೆ ಬಂತೆಂದರೆ ಕೆಡುವುದು. ಮಳೆಗಾಲದಲ್ಲಿ ಹೇಗೋ ನಡೆಯುವುದು, ಬಿಸಿಲು ಚೆನ್ನಾಗಿರುವ ಕಾಲಕ್ಕೇ ಸತ್ತು ಮಲಗುವುದು! ರಿಪೇರಿಯವನು ಬಂದು ಕೆಳಗಿನ ಬ್ಯಾಟರಿ ಪೆಟ್ಟಿಗೆ ತೆಗೆದು ನೋಡಿದ. ಮೇಲೆ ಹತ್ತಲಿಲ್ಲ. "ಬಿಸ್ಲು ಜಾಸ್ತಿಯಾಗಿ ಒಳಗೆ ಸುಟ್ಟೋಗದೆ ಕಣಕ್ಕ, ಇನ್ ಬರಾಕಿಲ್ಲ" ಅಂದು ಹೋದ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಒಂದು ಬೆಳಿಗ್ಗೆ ಕರೆಂಟು ಹೋಗಿ, ಸಾಲಿನಲ್ಲಿದ್ದವರೆಲ್ಲ ಗಂಟೆಗಟ್ಟಲೆ ನಿಂತು, ಆರೇಳು ಮನೆಯ ಹಾಲು ಹುಳಿ ಬಂತು. ನನ್ನದೂ ಅದರಲ್ಲಿ ಸೇರಿತ್ತು. ಕಾರ್ಯದರ್ಶಿಗೆ ಸಿಟ್ಟು ನೆತ್ತಿಗೇರಿತು. ಅವಳು ನಮ್ಮ ಬೀದಿಯ ಸೊಸೆ, ವಯಸ್ಸಿನಲ್ಲಿ ಚಿಕ್ಕವಳು, ಮಾತು ಮಾತ್ರ ಚುರುಕು. "ಈ ಗುರುವಾರ ಮೀಟಿಂಗ್ ಕರೀತೀನಿ. ಆ ಪ್ಲೇಟ್ಗಳ ಬಿಚ್ಚಾಕಿ ಗೋಡೌನ್ಗೆ ತುಂಬ್ಬುಟ್ಟು, ಆ ಜಾಗದಾಗೆ ನೀರಿನ ಟ್ಯಾಂಕ್ ಮಡಗೋವ" ಅಂದಳು. ಎಲ್ಲರೂ ಹೂಂ ಅಂದರು. ನಾನೂ ತಲೆಯಾಡಿಸಿದೆ.

ಅದೇ ವಾರ ಆ ಹುಡುಗಿ ಬಂದಿದ್ದು.

ಪಾಂಡವಪುರದ ಕಡೆಯವಳು, ಸ್ಕೂಟರಿನಲ್ಲಿ ಬಂದಳು. ಹಿಂದೆ ಒಂದು ದೊಡ್ಡ ಬ್ಯಾಗು, ಕಾಲಿನ ಹತ್ತಿರ ಇನ್ನೊಂದು. ಊರೂರಿಗೆ ಹೋಗಿ ಗಾಳಿ, ಬಿಸಿಲು, ನೀರು, ಸಗಣಿ ಇವುಗಳಿಂದ ಕರೆಂಟು ಹೇಗೆ ಮಾಡುವುದೆಂದು ಆಟ ಆಡಿಸಿ ಕಲಿಸುವುದು ಅವಳ ಕೆಲಸ. ಶ್ರೀರಂಗಪಟ್ಟಣದ ಕಡೆ ಮುಗಿಸಿ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿಗೆ ಬಂದಿದ್ದಳು, ಇಲ್ಲಿಂದ ನಾಗಮಂಗಲಕ್ಕೆ ಹೋಗಬೇಕು. ನಮ್ಮಲ್ಲಿ ನಾಲ್ಕು ದಿನ, ಸೋಮವಾರದಿಂದ ಗುರುವಾರ. ಡೈರಿಯ ಒಳಗೇ ಟಿವಿ ಇಟ್ಟು, ಅದಕ್ಕೆ ವೈರು ಸಿಕ್ಕಿಸಿ, ಬ್ಯಾಗಿನಿಂದ ಒಂದು ದಪ್ಪ ಕಪ್ಪು ಕನ್ನಡಕ ತೆಗೆದಳು. ಅಂಗೈ ದಪ್ಪ, ತಲೆಗೆ ಬಿಗಿಯುವ ಪಟ್ಟಿ ಬೇರೆ.

"ಗಾಣದೆತ್ತಿನ ಕಣ್ಗೆ ಕಟ್ತಿದ್ರಲ್ಲ, ಅಂಗೇ ಅದೆ ಕಣಕ್ಕ" ಅಂದಳು ನನ್ನ ವಾರಗಿತ್ತಿ. ನಿಮ್ಮ ಚಿಕ್ಕಜ್ಜಿ. ಅವಳ ಬಾಯಿ ನಿಮಗೆ ಗೊತ್ತೇ ಇದೆ.

ಯಾರೂ ಮುಂದೆ ಬರಲಿಲ್ಲ. ಒಬ್ಬಳು "ತಲೆ ತಿರುಗ್ತದಂತೆ" ಅಂದಳು. ಇನ್ನೊಬ್ಬಳು "ನಂಗೊಲ್ಲೆ ಕಣಮ್ಮಿ, ಈಗ್ತಾನೆ ತಲೆ ಬಾಚ್ಕೊಂಡು ಹೂ ಮುಡ್ದಿವ್ನಿ" ಅಂದಳು. ಆಮೇಲೆ ಎಲ್ಲರಿಗೂ ಅದೇ ನೆಪ ಸಿಕ್ಕಿತು, ಹೂವು ಹಾಳಾಗುತ್ತೆ ಅಂತ. ಹುಡುಗಿ ಕನ್ನಡಕ ಕೈಯಲ್ಲಿ ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಾ ನಿಂತಿದ್ದಳು. ಪಾಪ ಅನಿಸಿತು. ನಾನು ಎಂದಿನಂತೆ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದೆ.

ಆಗ ಕಾರ್ಯದರ್ಶಿ ನನ್ನ ಕಡೆ ತಿರುಗಿ "ಅತ್ತೆ, ನೀವೇ ಬನ್ನಿ. ನಿಮ್ಮ ತಲೇಲಿ ಹೂವಿಲ್ಲ, ಪಟ್ಟಿ ಸರಿಯಾಗಿ ಕೂರ್ತದೆ" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅವಳಿಗೆ ಕೆಟ್ಟದು ಆಡಬೇಕೆಂದು ಇರಲಿಲ್ಲ, ಬಾಯಿ ತಪ್ಪಿ ಬಂತು. ಡೈರಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅವರು ಹಾಗೆ ನೋಡುತ್ತಿರುವುದು ತಡೆಯಲಾಗದೆ ನಾನು ಎದ್ದು ಹೋಗಿ ಕನ್ನಡಕ ಹಾಕಿಸಿಕೊಂಡೆ. ಧೈರ್ಯದಿಂದಲ್ಲ. ಆ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಹತ್ತಿರದಲ್ಲಿದ್ದ ಮರೆ ಅದೊಂದೇ.

ಅಯ್ಯೋ ಮಕ್ಕಳೇ, ಅದನ್ನು ಹೇಗೆ ಹೇಳಲಿ!

ಡೈರಿ ಮಾಯ. ನಾನು ಒಂದು ಗುಡ್ಡದ ಮೇಲೆ ನಿಂತಿದ್ದೆ. ಮೇಲುಕೋಟೆ ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ಹೊಲಗಳೆಲ್ಲ ಹಾಸಿದ ಹಾಗೆ ಕಾಣುತ್ತವಲ್ಲ, ಹಾಗೆ. ಕೆಳಗೊಂದು ಹಳ್ಳಿ, ಹನ್ನೆರಡು ಮನೆ, ಎಲ್ಲ ಮನೆಯ ಕಿಟಕಿಯೂ ಕಪ್ಪು. ಕತ್ತೆತ್ತಿದರೆ ಆಕಾಶ, ಹಿಂದೆ ತಿರುಗಿದರೆ ಹಿಂದೆಯೂ ಬೆಟ್ಟ. ನಾನು ತಿರುಗಿದಂತೆ ಎಲ್ಲವೂ ಇತ್ತು, ಎಲ್ಲೂ ಮುಗಿಯುತ್ತಿರಲಿಲ್ಲ. ಎದೆ ಡವಡವ ಹೊಡೆದುಕೊಂಡಿತು, ಹೆದರಿಕೆಗಲ್ಲ. ಮದುವೆಯಾದ ಹೊಸತರಲ್ಲಿ ನಿಮ್ಮ ತಾತ ಕನ್ನಂಬಾಡಿ ಕಟ್ಟೆ ತೋರಿಸಿದ್ದರು, ತೂಬಿನಿಂದ ನೀರು ಧುಮುಕುವುದನ್ನು ನೋಡಿದಾಗ ಹೀಗೇ ಆಗಿತ್ತು.

ಕೈಯಲ್ಲಿ ಎರಡು ಹಿಡಿಗಳಿದ್ದವು. ಹಿಂಡಿದರೆ ಆಟದೊಳಗಿನ ಕೈ ಮುಚ್ಚುವುದು, ಸಡಿಲಿಸಿದರೆ ತೆರೆಯುವುದು. ಆ ಹಳ್ಳಿಗೆ ಕರೆಂಟು ಕೊಡುವುದು ನನ್ನ ಕೆಲಸವೆಂದು ಹುಡುಗಿ ಹೇಳಿದಳು. ಗಾಳಿ ಯಾವ ಕಡೆಯಿಂದ ಬೀಸುತ್ತೆ ನೋಡಿ ದೊಡ್ಡ ಫ್ಯಾನಿನ ಮುಖ ತಿರುಗಿಸಬೇಕು. ತಿರುಗಿಸಿದೆ, ಅದು ಗಿರ್ ಅಂತ ಸುತ್ತಿತು, ಕೆಳಗೆ ಮೂರು ಮನೆಯ ಕಿಟಕಿ ಹಳದಿಯಾಯಿತು. ನಾನು "ಬಂತು! ಬಂತು!" ಅಂದೆನಂತೆ. ಸೋಲಾರ್ ಪ್ಲೇಟುಗಳನ್ನು ಬಿಸಿಲಿಗೆ ಒಡ್ಡಿದೆ, ಇನ್ನೂ ಐದು ಮನೆ ಹತ್ತಿತು. ಉಳಿದದ್ದು ನಾಲ್ಕು. ಅದಕ್ಕೆ ಗೋಬರ್ ಗ್ಯಾಸಿನ ಗುಂಡಿಗೆ ಸಗಣಿ ಹಾಕಬೇಕು.

ಪಕ್ಕದಲ್ಲೇ ಒಂದು ಹಸು ನಿಂತಿತ್ತು. ಸೀಮೆಹಸು ಅಲ್ಲ, ನಾಟಿ. "ಹೋ ಹೋ" ಅಂತ ಅದರ ಬೆನ್ನು ಸವರಲು ಹೋದೆ. ಹೊರಗಡೆ ಎಲ್ಲರೂ ನಗುವುದು ಕೇಳಿಸಿತು, ನಾನು ನೋಡಿದ್ದೆಲ್ಲ ಅವರಿಗೆ ಟಿವಿಯಲ್ಲಿ ಕಾಣುತ್ತಿತ್ತಲ್ಲ. ಕೆಳಗೆ ಒಳ್ಳೆ ಸಗಣಿ ಬಿದ್ದಿತ್ತು. ಕುಕ್ಕರುಗಾಲಲ್ಲಿ ಕೂತು ಬಾಚಿಕೊಂಡೆ.

ಇನ್ನು ಆಮೇಲಿನದು ನನ್ನ ಕೈ ಮಾಡಿದ್ದು, ತಲೆ ಮಾಡಿದ್ದಲ್ಲ. ಐವತ್ತು ವರ್ಷ ಸಗಣಿ ಮುಟ್ಟಿದ ಕೈ. ಕೈಗೆ ಸಗಣಿ ಬಂದರೆ ಅದು ಮೊದಲು ಹುಡುಕುವುದು ಬಿಸಿಲು ಬೀಳುವ ನುಣುಪಾದ ಜಾಗ. ಎದುರಿಗೆ ಸೋಲಾರ್ ಪ್ಲೇಟು ಇತ್ತು. ಸಮತಟ್ಟು, ಸ್ವಲ್ಪ ಓರೆ, ಮೇಲೆ ಪೂರ್ತಿ ಬಿಸಿಲು. ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ? ಪಟ್ ಅಂತ ಬೆರಣಿ ತಟ್ಟಿಬಿಟ್ಟೆ! ಅದು ಅಲ್ಲೇ ಅಂಟಿಕೊಂಡಿತು. ಇನ್ನೊಂದು ತಟ್ಟಿದೆ.

ಹಳ್ಳಿಯಲ್ಲಿ ಐದು ಮನೆ ಕಪ್ಪಗಾದವು.

ಹೊರಗೆ ಡೈರಿಯೇ ಬಿದ್ದುಹೋಗುವ ಹಾಗೆ ನಗು. "ಇವ್ಳ್ನ ಸೂರ್ಯನ ಮುಂದ್ಕೆ ಬುಟ್ರೆ ಸೂರ್ಯಂಗೂ ಬೆರಣಿ ತಟ್ಬುಡ್ತಾಳೆ ಕಣ್ರಮ್ಮೀ!" ಅಂದಳು ವಾರಗಿತ್ತಿ. ಹುಡುಗಿ ನಗು ತಡೆದುಕೊಂಡು "ಅಜ್ಜಿ, ಎಲೆ, ಧೂಳು ಬಿದ್ರೆ ಏನಾಗುತ್ತೆ ಅಂತ ತೋರ್ಸೋಕೆ ಇದನ್ನ ಮಾಡಿರೋದು. ಬೆರಣಿ ತಟ್ತಾರೆ ಅಂತ ಮಾಡಿದವ್ರಿಗೆ ಹೊಳೆದೇ ಇಲ್ಲ" ಅಂದಳು. ಕನ್ನಡಕ ತೆಗೆದಾಗ ನನ್ನ ಮುಖ ಕೆಂಪಾಗಿತ್ತೋ ಏನೋ. ಆದರೆ ನನಗೆ ಇನ್ನೊಂದು ಸಲ ಆಡಬೇಕು ಅನಿಸಿತ್ತು. ಅಷ್ಟು ಆಸೆ! ನಾನು ಹೋದದ್ದೇ ನೆಪ, ಒಬ್ಬೊಬ್ಬರೇ ಹೂವು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು ಸಾಲು ನಿಂತರು.

ಮಾರನೆಯ ದಿನ ಹಾಲು ಹಾಕಿದವಳೇ ಮೊದಲು ಹೋಗಿ ಕೂತೆ. ಹನ್ನೆರಡು ಮನೆಗೂ ದೀಪ ಹತ್ತಿಸಿದೆ. ಆಮೇಲೆ ಸಂಕೋಚದಿಂದಲೇ ಹುಡುಗಿಯನ್ನು ಮೆಲ್ಲಗೆ ಕೇಳಿದೆ, "ತಟ್ಟಿದ್ದು ಎರಡೇ ಬೆರಣಿ. ಪ್ಲೇಟಿನ ಮುಕ್ಕಾಲು ಭಾಗ ಖಾಲಿ ಇತ್ತು. ಐದು ಮನೆಯೂ ಯಾಕೆ ಹೋಯ್ತು?"

"ಒಂದು ಪ್ಲೇಟಿಗೂ ಇನ್ನೊಂದಕ್ಕೂ ಕೈ ಕೈ ಹಿಡ್ಕೊಂಡ ಹಾಗೆ ವೈರು ಇರುತ್ತೆ ಅಜ್ಜಿ. ನಾಲೆ ನೀರು ಹರಿಯೋ ಜಾಗದಲ್ಲಿ ಒಂದು ಕಡೆ ಮಣ್ಣು ಬಿದ್ರೆ ಮುಂದಕ್ಕೆಲ್ಲ ನೀರು ಕಮ್ಮಿ ಆಗಲ್ವಾ? ಹಾಗೇ. ಒಂದು ಮೂಲೆ ಮುಚ್ಚಿದ್ರೂ ಉಳಿದಿದ್ದಕ್ಕೆ ಕಷ್ಟ" ಅಂದಳು.

ಅವಳು ಹಾಗೆ ಹೇಳುತ್ತಿದ್ದಂತೆ ನನಗೆ ನಮ್ಮ ಡೈರಿಯ ತಾರಸಿ ನೆನಪಾಯಿತು.

ಡೈರಿಯ ಮೆಟ್ಟಿಲು ನಮ್ಮ ಹಿತ್ತಲ ಕಡೆಗೇ ಇದೆ. ಎರಡು ಬೇಸಿಗೆಯ ಹಿಂದೆ ಅಕ್ಕಿ ಸಂಡಿಗೆ ಇಡಲು ತಾರಸಿಗೆ ಹೋದವಳು ಆ ಪ್ಲೇಟುಗಳನ್ನು ನೋಡಿದೆ. ಕೋಳಿ ಹತ್ತುವುದಿಲ್ಲ, ನಾಯಿ ಮೂಸುವುದಿಲ್ಲ, ಗಾಜು ಕಾದಿರುತ್ತದೆ. ಒಂದು ಪ್ಲೇಟು ಒರೆಸಿ ಸಂಡಿಗೆ ಹಿಟ್ಟು ಇಟ್ಟೆ. ಸಂಜೆಗೆ ಗರಿಗರಿಯಾಗಿ, ಎಬ್ಬಿಸುವುದೇ ಬೇಡ, ತಾನಾಗಿ ಎದ್ದು ಕೈಗೆ ಬಂತು! ಪ್ಲಾಸ್ಟಿಕ್ ಹಾಳೆಯ ಮೇಲೆ ಎಂದೂ ಹಾಗೆ ಬಂದಿರಲಿಲ್ಲ. ಖುಷಿಗೆ ವಾರಗಿತ್ತಿಗೆ ಹೇಳಿದೆ, ಅವಳು ಇನ್ನೊಬ್ಬಳಿಗೆ ಹೇಳಿದಳು. ಮುಂದಿನ ಬೇಸಿಗೆಗೆ ನಾಲ್ಕೈದು ಮನೆಯ ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಅಲ್ಲೇ. ಈ ಸಲವೂ ಯುಗಾದಿಗೆ ಮುಂಚೆಯೇ ಇಟ್ಟಾಗಿತ್ತು.

ಮಧ್ಯಾಹ್ನ ಒಬ್ಬಳೇ ಮೇಲೆ ಹತ್ತಿ ನೋಡಿದೆ. ಎಂಟರಲ್ಲಿ ಆರು ಪ್ಲೇಟಿನ ಮೇಲೆ ಹಿಟ್ಟಿನ ಗಂಜಿ ಒಣಗಿ, ಅದರ ಮೇಲೆ ಧೂಳು ಕೂತು, ಬಿಳಿ ಹುಣ್ಣಿನ ಚಕ್ಕೆಯ ಹಾಗೆ ಕಟ್ಟಿತ್ತು. ಉಗುರಿನಿಂದ ಕೆರೆದೆ, ಕೆಳಗಿನ ನೀಲಿ ಗಾಜು ಫಳಫಳ ಹೊಳೆಯಿತು. ಬಿಸಿಲಿಗೆ ಸುಟ್ಟಿದ್ದೂ ಅಲ್ಲ, ಏನೂ ಅಲ್ಲ. ಸಂಡಿಗೆ ಇಡುವುದು ಬೇಸಿಗೆಯಲ್ಲಿ, ಅದಕ್ಕೇ ಬೇಸಿಗೆಯಲ್ಲೇ ಕೆಡುತ್ತಿತ್ತು. ಮಳೆ ಬಂದು ತೊಳೆದರೆ ಸರಿಹೋಗುತ್ತಿತ್ತು. ಇಷ್ಟು ಸುಲಭವಾಗಿ ಗೊತ್ತಾಯಿತಲ್ಲ ಎಂದು ಒಂದು ಕಡೆ ಕುಣಿಯುವಷ್ಟು ಸಂತೋಷ. ಇನ್ನೊಂದು ಕಡೆ, ಶುರು ಮಾಡಿದವಳು ನಾನೇ. ಗುರುವಾರ ಯಾರಾದರೂ ಎದ್ದು ಹೇಳದಿದ್ದರೆ ಪ್ಲೇಟುಗಳು ಗೋಡೌನಿಗೆ ಹೋಗುತ್ತವೆ. ಹೇಳಬೇಕಾದವಳು ಸಂಘ ಶುರುವಾದಾಗಿನಿಂದ ಒಂದು ಮೀಟಿಂಗಿನಲ್ಲೂ ಬಾಯಿ ಬಿಟ್ಟವಳಲ್ಲ.

ಬುಧವಾರ ಮೂರು ಸಲ ಕಾರ್ಯದರ್ಶಿಯ ಮನೆ ಬಾಗಿಲಿಗೆ ಹೋದೆ. ಮೊದಲ ಸಲ ಮಜ್ಜಿಗೆ ಕೇಳಿಕೊಂಡು ಬಂದೆ, ಎರಡನೆಯ ಸಲ ಕರಿಬೇವು. ಮೂರನೆಯ ಸಲ ಅವಳೇ "ಏನತ್ತೆ, ಮನೇಲಿ ನೆಂಟ್ರು ಬಂದವ್ರಾ?" ಅಂತ ಕೇಳಿದಳು. ಹೂಂ ಅಂದು ಬಂದುಬಿಟ್ಟೆ. ವಾರಗಿತ್ತಿಗೆ ಹೇಳಿದರೆ ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಸುಮ್ಕಿರಕ್ಕ. ಆರು ಮನೆ ಆಲು ಒಡೆದದೆ. ಸಂಡ್ಗೆ ಮಡಗಿ ಕೆಡುಸ್ದೋರು ಇವ್ರೇ ಅಂತ ಗೊತ್ತಾದ್ರೆ ಸಾಲ್ನಲ್ಲಿ ನಿಂತ್ಕೊಳಾಕೂ ಬುಡಾಕಿಲ್ಲ ನಮ್ಮ. ನಿಂಗ್ಯಾಕೆ ಇಲ್ಲದ ಉಸಾಬ್ರಿ?"

ಅವಳು ಹೇಳಿದ್ದು ಸುಳ್ಳಲ್ಲ. ಆದರೂ ಆ ನೀಲಿ ಗಾಜು ಹೊಳೆದದ್ದು ಕಣ್ಣಿನಿಂದ ಹೋಗಲಿಲ್ಲ.

ಗುರುವಾರ ಹಾಲು ಹಾಕಿದ ಮೇಲೆ ಡೈರಿಯಲ್ಲೇ ಚಾಪೆ ಹಾಸಿ ಮೀಟಿಂಗು. ಮೂವತ್ತು ನಲವತ್ತು ಜನ ಇದ್ದರು. ಹುಡುಗಿಗೂ ಅದೇ ಕೊನೆಯ ದಿನ, ಅವಳಿಗೂ ಹತ್ತು ನಿಮಿಷ ಕೊಟ್ಟಿದ್ದರು. ಕಾರ್ಯದರ್ಶಿ ನಡಾವಳಿ ಪುಸ್ತಕ ತೆಗೆದು "ಪ್ಲೇಟು ಬಿಚ್ಚೋ ವಿಷ್ಯ. ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳಿ" ಅಂದಳು. ನಾನು ಏಳಬೇಕೆಂದು ಅಂಗೈ ನೆಲಕ್ಕೆ ಊರಿದೆ. ಅಷ್ಟೂ ಮುಖಗಳು ಕಂಡವು. ಕೈ ತೆಗೆದುಬಿಟ್ಟೆ. "ಹಂಗಾದ್ರೆ ಬರ್ಕೊಳ್ಳೋದಾ?" ಅಂದಳು.

ಹುಡುಗಿ ಎದ್ದು "ಬರೆಯೋಕೆ ಮುಂಚೆ ನನ್ನ ಹತ್ತು ನಿಮಿಷ ಮುಗಿಸ್ಲಾ? ಆಟ ನೋಡ್ದೇ ಇರೋರು ಇನ್ನೂ ಇದ್ದಾರೆ. ಯಾರಾದ್ರೂ ಆಡಿ ತೋರಿಸ್ತೀರಾ?" ಅಂದಳು. ಆಗ ನನಗೆ ಫಕ್ಕನೆ ಹೊಳೆಯಿತು. ಆ ಕನ್ನಡಕದೊಳಗೆ ಒಂದು ಮುಖವೂ ಕಾಣುವುದಿಲ್ಲ!

ಎದ್ದೆ. ಯಾರು ಏನಂದರೋ ಕೇಳಲಿಲ್ಲ. ಪಟ್ಟಿ ಬಿಗಿದುಕೊಂಡೆ. ಡೈರಿ ಹೋಯಿತು, ಜನ ಹೋದರು, ಗುಡ್ಡ ಬಂತು. ಗಾಳಿಗೆ ಫ್ಯಾನು ತಿರುಗಿಸಿದೆ, ಪ್ಲೇಟನ್ನು ಬಿಸಿಲಿಗೆ ಒಡ್ಡಿದೆ, ಎಂಟು ಮನೆ ಹತ್ತಿದವು. ಸಗಣಿ ಬಾಚಿಕೊಂಡು ಪ್ಲೇಟಿನ ಮುಂದೆ ನಿಂತೆ. ಯಾರೋ "ಅಯ್ಯೋ, ಅಲ್ಲಲ್ಲ ಕಣಕ್ಕ, ಗುಂಡಿಗೆ ಆಕು!" ಅಂತ ಕೂಗಿದರು. ಬೇಕೆಂದೇ ಪಟ್ ಎಂದು ತಟ್ಟಿದೆ. ಐದು ಮನೆ ಆರಿತು.

"ನೋಡುದ್ರಾ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಜೋರು. "ಇದು ಆಟದಲ್ಲಿ. ನಮ್ಮ ಡೈರಿ ಮೇಲೆ ನಾನು ಮಾಡಿರೋದೂ ಇದೇ. ಬೆರಣಿ ಅಲ್ಲ, ಸಂಡಿಗೆ. ಎರಡು ಬೇಸಿಗೆಯಿಂದ ಆ ಗಾಜಿನ ಮೇಲೆ ಸಂಡಿಗೆ ಇಟ್ಟು ಇಟ್ಟು ಹಿಟ್ಟು ಚಕ್ಕೆ ಕಟ್ಟಿದೆ. ಶುರು ಮಾಡಿದವಳು ನಾನು. ಬೇರೆಯವರು ನನ್ನ ನೋಡಿ ಇಟ್ಟಿದ್ದು, ಅವರನ್ನ ಏನೂ ಅನ್ನಬೇಡಿ. ಪ್ಲೇಟು ಸುಟ್ಟಿಲ್ಲ. ತೊಳೆದು ನೋಡಿ. ತೊಳೆದ ಮೇಲೂ ಬರದಿದ್ರೆ ಬಿಚ್ಚಿ, ನಾನೇ ಏಣಿ ಹಿಡಿತೀನಿ. ಹಾಲು ಒಡೆದೋರು ನನ್ನ ಬೈಯಿರಿ, ಬೈಸ್ಕೊಳ್ತೀನಿ."

ಮಾತು ಮುಗಿಯಿತು. ಯಾರೂ ಬೈಯಲಿಲ್ಲ. ಕಿವಿಯಲ್ಲಿ ಆಟದ ಗಾಳಿ ಸದ್ದು ಮಾತ್ರ ಸುಂಯ್ ಅನ್ನುತ್ತಿತ್ತು. ತೆಗೆದರೆ ಮುಖಗಳು ಕಾಣುತ್ತವಲ್ಲ ಎಂದು ಕನ್ನಡಕ ತೆಗೆಯಲು ಧೈರ್ಯ ಬರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಪ್ಲೇಟಿನ ಮೇಲಿನ ಬೆರಣಿ ಕಿತ್ತು ಗುಂಡಿಗೆ ಹಾಕಿದೆ, ಇನ್ನೂ ನಾಲ್ಕು ಬೊಗಸೆ ಸಗಣಿ ಹಾಕಿದೆ, ಹನ್ನೆರಡು ಮನೆಯೂ ಹತ್ತಿದವು. ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಪಟ್ಟಿ ಸಡಿಲಿಸಿದೆ.

ಚಾಪೆ ಖಾಲಿ! ಮೂಲೆಯಲ್ಲಿ ಕಾಲು ನೋವಿನ ಇಬ್ಬರು ಮುದುಕಿಯರು ಮಾತ್ರ ಕೂತಿದ್ದರು. ಸಿಟ್ಟು ಮಾಡಿಕೊಂಡು ಎಲ್ಲರೂ ಎದ್ದುಹೋದರು ಅಂದುಕೊಂಡೆ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ತಲೆಯ ಮೇಲೆ ದಡದಡ ಸದ್ದು. ಬಕೆಟ್ಟು ಎಳೆದ ಸದ್ದು. ತಾರಸಿಯ ತೂತಿನಿಂದ ಬಿಳಿ ನೀರು ಬಾಗಿಲ ಮುಂದೆ ಸುರಿಯತೊಡಗಿತು.

ಮೆಟ್ಟಿಲು ಹತ್ತಿ ಓಡಿದೆ. ಈ ಮಂಡಿಯಲ್ಲೇ ಓಡಿದೆ. ಮೇಲೆ ಜಾತ್ರೆಯ ಹಾಗೆ ಜನ. ವಾರಗಿತ್ತಿ ಸೀರೆ ಎತ್ತಿ ಕಟ್ಟಿ ತೆಂಗಿನ ನಾರು ಹಿಡಿದು ನಿಂತಿದ್ದಳು, ಹುಡುಗಿ "ನಾರು ಬೇಡ ಅಮ್ಮಾ, ಗೀಚಾಗುತ್ತೆ, ಮೆತ್ತನೆ ಬಟ್ಟೆ, ಮೆತ್ತನೆ ಬಟ್ಟೆ!" ಅಂತ ಕೂಗುತ್ತಿದ್ದಳು. ನೆನೆಸಿ ಒರೆಸಿದಂತೆಲ್ಲ ಚಕ್ಕೆ ಕರಗಿ ಒಂದೊಂದೇ ಪ್ಲೇಟು ನೀಲಿಯಾಗಿ ಬಂತು. ಹಾಲು ಒಡೆದಿದ್ದವಳೊಬ್ಬಳು ನನ್ನ ಕೈಗೆ ಬಟ್ಟೆ ಎಸೆದು "ಒರ್ಸಮ್ಮಿ, ಬಾಯಿ ಇಲ್ಲ ಅಂದ್ಕೊಂಡಿದ್ವಿ ನಿಂಗೆ. ಮಡಗಿದ್ದೆ ಎಲ್ಲಿ ಇಷ್ಟ್ ದಿನ?" ಅಂದಳು. ಬೈದದ್ದು ಅಷ್ಟೆ.

ಎಂಟನೆಯ ಪ್ಲೇಟು ಒರೆಸುತ್ತಿದ್ದಾಗ ಕೆಳಗಿನಿಂದ ಕಾರ್ಯದರ್ಶಿಯ ಕೂಗು. ಅವಳು ಪೆಟ್ಟಿಗೆಯ ಮುಂದೆ ಕಾದು ನಿಂತಿದ್ದಳು. "ಹಸ್ರು ಬಂತು ಕಣ್ರೋ! ಚಾರ್ಜು ಹಸ್ರು ಬಂತು!" ತಾರಸಿಯ ಮೇಲೆ ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ನೀರೆಲ್ಲ ಪಕ್ಕದವಳ ಮುಖಕ್ಕೆ ಹಾರಿತು.

ಆದರೆ ಕಾರ್ಯದರ್ಶಿ ಅಷ್ಟಕ್ಕೇ ನಂಬುವವಳಲ್ಲ. ಹಸಿರು ದೀಪ ಬಂದ ಮಾತ್ರಕ್ಕೆ ಮೆಷಿನ್ನು ಎಳೆಯುತ್ತದೆಂದು ಏನು ಗ್ಯಾರಂಟಿ ಅಂದಳು. ಟ್ಯಾಂಕಿನ ಮಾತು ಮುಂದಕ್ಕೆ ಹಾಕಿದಳು, ಮುಂದಿನ ಸಲ ಕರೆಂಟು ಹೋದಾಗ ಮೆಷಿನ್ನು ನಿಂತರೆ ಪ್ಲೇಟುಗಳಿಗೆ ಅವತ್ತೇ ಬೀಳ್ಕೊಡುಗೆ. ವಾರಕ್ಕೊಮ್ಮೆ ತೊಳೆಯುವ ಕೆಲಸ ನನಗೆ. ಹುಡುಗಿ ಹೊರಡುವಾಗ ನನ್ನ ಕೈ ಹಿಡಿದು "ಅಜ್ಜಿ, ಮುಂದಿನ ವಾರ ನಾಗಮಂಗಲದ ಹೊಣಕೆರೆ ಕಡೆ ಹೋಗ್ತೀನಿ. ಬರ್ತೀರಾ ನನ್ನ ಜೊತೆ? ನಾನು ಹೇಳೋದಕ್ಕಿಂತ ನಿಮ್ಮ ಬೆರಣಿ ಬೇಗ ಅರ್ಥ ಮಾಡಿಸುತ್ತೆ" ಅಂದಳು. ಕರೆಂಟು ಹೋದಾಗ ಏನಾಗುತ್ತೆ ನೋಡಿಕೊಂಡು ಹೇಳುತ್ತೇನೆ ಅಂದೆ.

ನಿಮಗೆ ಗೊತ್ತಲ್ಲ, ಬೇಡ ಅಂದಾಗ ದಿನಾ ಹೋಗುವ ಕರೆಂಟು, ಬೇಕು ಅಂದಾಗ ಹೋಗುವುದಿಲ್ಲ! ಶುಕ್ರವಾರ ಹೋಗಲಿಲ್ಲ, ಶನಿವಾರವೂ ಇಲ್ಲ. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವಳ ಕಣ್ಣು ಮಾತ್ರ ಡೈರಿಯ ಮೆಷಿನ್ನಿನ ಮೇಲೆಯೇ. ಭಾನುವಾರ ನನ್ನ ಮುಂದೆ ಇನ್ನೂ ಹನ್ನೆರಡು ಜನರಿದ್ದರು. ಎದುರಿನ ರಾಗಿ ಮಿಷನ್ನು ಗುರ್ರ್ ಅನ್ನುತ್ತಿದ್ದದ್ದು ಕುಗ್ಗಿ ಕುಗ್ಗಿ ನಿಂತುಹೋಯಿತು. ಮಿಷನ್ನಿನವನು ಮೈತುಂಬಾ ಹಿಟ್ಟು ಹತ್ತಿದವನು ಹೊರಗೆ ಬಂದು ಕಂಬ ನೋಡಿದ. ನಾನು ಸಾಲಿನಿಂದಲೇ ಕತ್ತು ಚಾಚಿ ನೋಡಿದೆ. ಡೈರಿಯ ಒಳಗೆ ತೂಕದ ಮೆಷಿನ್ನಿನ ಕೆಂಪು ಅಂಕಿಗಳು ಒಂದು ಚೂರೂ ಅಲುಗಲಿಲ್ಲ. ಕಾರ್ಯದರ್ಶಿ ಒಬ್ಬರ ಹಾಲು ಸುರಿದಳು, ಅಂಕಿ ಬಂತು. ಇನ್ನೊಬ್ಬರದು ಸುರಿದಳು, ಬಂತು. ಸಾಲಿನಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ, ತಮ್ಮ ತಮ್ಮ ಮಾತಿನಲ್ಲಿದ್ದರು. ಗೊತ್ತಿದ್ದವಳು ನಾನೊಬ್ಬಳೇ.

"ಕರೆಂಟು ಹೋಯ್ತು ಕಣ್ರವ್ವ!" ಅಂತ ಕೂಗಿದೆ. "ಕರೆಂಟು ಹೋಯ್ತು, ಮೆಷಿನ್ನು ನಿಂತಿಲ್ಲ! ನೋಡಿ ಎಲ್ಲಾರೂ!"

ಸಾಲಿನ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಕಣ್ಣಿಗೆ ಯಾವ ಕನ್ನಡಕವೂ ಇರಲಿಲ್ಲ. ಒಂದೊಂದು ಮುಖವನ್ನೂ ನೋಡುತ್ತಾ ಇನ್ನೊಂದು ಸಲ ಕೂಗಿದೆ.